ಅಪ್ಪನ ಸೋಪಿನ ಮುಖ

೪, ಸೋಮವಾರ

ಹತ್ತಕ್ಕೆ ಗ್ಯಾಲರಿ ಬೀಗ ತೆಗೆದೆ. ಟವೆಲ್ ಬದಲಿಸಿದೆ. ನಲ್ಲಿ ಸರಿಯಿದೆ. ಅಪ್ಪನ ಎಡಕಿವಿ ಇಲ್ಲ.

ಕಲಾವಿದೆ ಅಕ್ಕ ತೀರಿಹೋದ ಅಪ್ಪನ ತಲೆಯನ್ನು ಸೋಪಿನಲ್ಲಿ ಎರಕ ಹೊಯ್ದು ವಾಷ್‌ಬೇಸಿನ್ ಪಕ್ಕ ಕೂರಿಸಿದ್ದಾಳೆ. ಬಂದವರೆಲ್ಲ ಅದನ್ನೇ ಉಜ್ಜಿ ಕೈ ತೊಳೆಯಬೇಕು. ಪೂರ್ತಿ ಕರಗಿದ ದಿನ ಪ್ರದರ್ಶನ ಮುಗಿದಂತೆ. ಜೀವಮಾನವೆಲ್ಲ ಸೋಪ್ ಫ್ಯಾಕ್ಟರಿಯಲ್ಲಿ ದುಡಿದವರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲವಂತೆ. ರಜೆ ಹಾಕಿ ಕಾವಲು ಕೂತವನು ನಾನು.

೬, ಬುಧವಾರ

ಕಾಲೇಜು ಹುಡುಗಿಯರ ಹಿಂಡು. ಎಲ್ಲರ ಕಣ್ಣೂ ಮೂಗಿನ ಮೇಲೆ.

"ಅಂಕಲ್, ನೊರೆ ಎಷ್ಟ್ ಚೆನ್ನಾಗಿ ಬರುತ್ತೆ!"

ಬರದೇ ಏನು. ಅಪ್ಪ ಕಳಪೆ ಮಾಲು ಮಾಡಿದವರಲ್ಲ.

ಮೂಗು ಕರಗಿತು, ಮೀಸೆ ಸೊರಗಿತು,
ಕಾವಲುಗಾರನ ಕಣ್ಣು ಮರುಗಿತು.

ಪ್ರಾಸ ಸರಿಹೋಯಿತು. ಬೇರೇನೂ ಸರಿಹೋಗಲಿಲ್ಲ.

೯, ಶನಿವಾರ

ಫೋಟೊಗಳಲ್ಲಿ ಅಪ್ಪ ಕ್ಯಾಮೆರಾದವನನ್ನು ಸಾಲಗಾರನನ್ನು ಕಂಡಂತೆ ದುರುಗುಟ್ಟಿ ನೋಡುತ್ತಾರೆ. ಈ ಸೋಪಿನಲ್ಲಿ ನಗು ಇದೆ — ಶಿಫ್ಟ್ ಮುಗಿಸಿ ಗೇಟು ದಾಟುವಾಗ, ನನ್ನನ್ನು ಕಂಡಾಗಿನದು. ಅಕ್ಕ ಅದನ್ನು ಎಲ್ಲಿಂದ ಹೆಕ್ಕಿದಳೋ. ತುಟಿಯ ಒಂದು ಕೊನೆ ಉಳಿದಿದೆ. ಅದಾದರೂ ಇರಲಿ...

ಬೇಸಿನ್ ಕೆಳಗೆ ಬಗ್ಗಿ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದೆ. "ನೀರಿಲ್ಲ" ಬೋರ್ಡು ತೂಗುಹಾಕಿದೆ. ಅಕ್ಷರ ಮುದ್ದಾಗಿ ಬಂದಿದೆ.

೧೩, ಬುಧವಾರ

ಅಕ್ಕ ಬಂದಳು, ಜೊತೆಗೆ ಅಮ್ಮ. ಅಕ್ಕ ಬೋರ್ಡು ಓದಿದಳು, ಬಗ್ಗಿ ನೋಡಿದಳು.

"ಪ್ಲಂಬರ್ ಕೆಲಸ ಯಾವಾಗ ಕಲಿತೆಯೋ?"

"ಇಷ್ಟಾದರೂ ಇರಲಿ ಬಿಡಕ್ಕ. ಮನೇಲಿಡೋಣ."

"ಇಟ್ಟು? ಬಿರುಕು ಬಿಡುತ್ತೆ, ಧೂಳು ಕೂರುತ್ತೆ. ಆಮೇಲೆ ಅಪ್ಪ ಅಂದ್ರೆ ನಿಂಗೆ ಆ ಬಿರುಕೇ ನೆನಪಾಗೋದು."

"ನಿನಗೇನು, ಕಲೆ. ನನಗೆ ಅಪ್ಪ."

ಅಕ್ಕನ ಮುಖ ಸಣ್ಣದಾಯಿತು. ಅಮ್ಮ ನಮ್ಮಿಬ್ಬರನ್ನೂ ಲೆಕ್ಕಕ್ಕೇ ಇಡಲಿಲ್ಲ. ಸೋಪಿನ ಹಣೆಯ ಮೇಲೆ ಬೆರಳಾಡಿಸಿದಳು.

"ಒಣಗಿ ಸೀಳುಬಿಟ್ಟಿದೆ. ಏನು ಕಾವಲೋ ನಿಂದು! ನೀರು ಬಿಡು."

ಬಿಟ್ಟೆ.

ಅಮ್ಮ ಎರಡೂ ಕೈಯಲ್ಲಿ ಅಪ್ಪನ ಮುಖ ತೊಳೆದಳು. ಹಣೆ, ಕೆನ್ನೆ, ಕಿವಿಯಿದ್ದ ಜಾಗದ ಹಿಂದೆ.

"ಇಲ್ಲಿ ಮಾತ್ರ ಯಾವತ್ತೂ ನೀರು ಮುಟ್ಟಿಸ್ತಿರಲಿಲ್ಲ, ನಿಮ್ಮಪ್ಪ. ಸೋಪ್ ಫ್ಯಾಕ್ಟರಿಯವರಂತೆ!"

ನಗು ಕರಗಿ ಅಮ್ಮನ ಬೆರಳಿಗೆ ಹತ್ತಿತು. ಅಕ್ಕ ಅಳುತ್ತಿದ್ದಳು. ನಾನು ಟವೆಲ್ ಹಿಡಿದು ನಿಂತಿದ್ದೆ. ಬೋರ್ಡು ಕಿತ್ತು ಬುಟ್ಟಿಗೆ ಹಾಕಿದೆ.

೧೯, ಮಂಗಳವಾರ, ಸಂಜೆ

ಬೆರಳಗಲದ ಚೂರು. ಬಾಗಿಲು ಹಾಕುವ ಹೊತ್ತು, ಯಾರೂ ಇಲ್ಲ. ಇಷ್ಟು ದಿನ ನಾನೊಬ್ಬನೇ ಕೈ ತೊಳೆಯದವನು.

ತೊಳೆದೆ. ನಿಧಾನಕ್ಕೆ. ಚೂರು ಹೋಯಿತು.

ಅಂಗೈ ಮೂಗಿಗೆ ಹಿಡಿದೆ. ಅಪ್ಪನ ವಾಸನೆ. ಪಕ್ಕದಲ್ಲೇ ಕೂತು, ಅಂಗಿಯ ಗುಂಡಿ ಬಿಚ್ಚುತ್ತ, "ಇವತ್ತು ಸ್ಕೂಲಲ್ಲಿ ಏನ್ ಹೇಳ್ಕೊಟ್ರೋ" ಅಂತ —