ಏಳನೇ ಮಗ್ಗ ನಿಂತಿದೆ

ಆಗಸ್ಟ್ ೪, ರಾತ್ರಿ ೨.೧೦
ಟಿಂಗ್. ಮತ್ತೆ ಎಚ್ಚರ. ಕೂಸಲ್ಲ, ಫೋನು. 'ಮಗ್ಗ ೭ ನಿಂತಿದೆ. ಕಾರಣ ತಿಳಿಸಿ.' ರೋಣ ರಸ್ತೆಯ ಶೆಡ್ಡಿನಲ್ಲಿ ಇವರ ಕಂಪ್ಯೂಟರ್ ಮಗ್ಗದ ಎಳೆ ಕಡಿದರೆ ಇಲ್ಲಿ ನನ್ನ ದಿಂಬಿನಡಿ ಸದ್ದು. ಇವರದು ಬಟನ್ ಫೋನು. ಹಾಗಾಗಿ ಆ್ಯಪ್ ನನ್ನದಕ್ಕೆ ಹಾಕಿಸಿದರು. "ಹೆಂಡ್ತಿ ಓದ್ಯಾಳಲ್ಲೋ, ಚಲೋ ಆತು" ಅಂದರಂತೆ ಸಾವ್ಕಾರರು. ಬಿ.ಕಾಂ. ಮುಗಿಸಿದ್ದು ಇದಕ್ಕೆ — ಮಲಗಿದಲ್ಲಿಂದಲೇ 'ನೂಲು ಕಡಿತ' ಒತ್ತುವುದಕ್ಕೆ.
ಒತ್ತಿದೆ. ಸ್ವಲ್ಪ ಹೊತ್ತಿಗೆ ಹಸಿರು. ಗಂಟು ಹಾಕಿದರು. ಶೆಡ್ಡಿನ ಎಲ್ಲ ಮಗ್ಗಗಳೂ ಪರದೆಯ ಮೇಲೆ ಸಾಲಾಗಿ ಹಸಿರು ಚುಕ್ಕಿ. ಏಳನೆಯದು ಇವರದು. ಅದನ್ನೇ ನೋಡುತ್ತಾ ಮಲಗುತ್ತೇನೆ. ರಾತ್ರಿ ಪಾಳಿಯಲ್ಲಿ ನಮ್ಮಿಬ್ಬರ ಮಾತುಕತೆ ಇಷ್ಟೇ.

ಆಗಸ್ಟ್ ೯
ರಸೂಲಬಿ ಅಜ್ಜಿ ತೀರಿಕೊಂಡರು. ಓಣಿಯ ಎಲ್ಲ ಮಗ್ಗಗಳಿಗೂ ಕಂಡಿಕೆಗೆ ನೂಲು ಸುತ್ತಿಕೊಟ್ಟ ಕೈ. ಯಾರದೇ ಹೆಣ ಇರಲಿ, ದಾಟಿಹೋಗುವ ತನಕ ನೇಕಾರ ಮಗ್ಗ ನಿಲ್ಲಿಸಬೇಕು — ನಮ್ಮಲ್ಲಿ ಹಾಗೆ. ಖಬರಸ್ತಾನದ ದಾರಿ ಶೆಡ್ಡಿನ ಮುಂದೆಯೇ. ಇವತ್ತು ಇವರದು ಹಗಲು ಪಾಳಿ; ನಿಲ್ಲಿಸಿದರು. ಟಿಂಗ್.
ಕಾರಣಗಳು ನಾಲ್ಕೇ. ನೂಲು, ಕರೆಂಟ್, ಯಂತ್ರದೋಷ, ಕೆಲಸಗಾರ ಇಲ್ಲ. ಅತ್ತೆಯನ್ನು ಕೇಳಿದೆ.
"ಹೆಣಾ ಹೊಂಟೈತಿ ಅಂತ ಒತ್ತವಾ."
"ಅದಿಲ್ರೀ ಇದರಾಗ."
"ಹಂಗಾರ ಇದನ್ನ ಮಾಡಿದವ್ರ ಮನ್ಯಾಗ ಯಾರೂ ಸತ್ತಿಲ್ಲೇನ?"
ಬೆರಳು ಎತ್ತಿಕೊಂಡೇ ಕೂತೆ. ನಾವು ಒತ್ತದಿದ್ದರೆ ಅದೇ ಬರೆದುಕೊಳ್ಳುತ್ತದೆ — ಕೆಲಸಗಾರ ಇಲ್ಲ. ಕೆಂಪು.

ಆಗಸ್ಟ್ ೧೦
ಸೂಪರ್‌ವೈಜರ್ ಅಯ್ಯಪ್ಪ ಮನೆಗೇ ಬಂದ. "ದುರಗೇಶಣ್ಣ, ಉಳದ ಹುಡುಗ್ರು ಯಾರೂ ನಿಲ್ಲಿಸಿಲ್ಲ, ನೀ ಒಬ್ಬಾವನ. ಸಾವ್ಕಾರ್ರು ಹುಬ್ಬಳ್ಳ್ಯಾಗ ಕುಂತು ನೋಡ್ತಾರ. ಕೆಂಪು ಕಾಣತೈತಿ, ಹೆಣಾ ಕಾಣಂಗಿಲ್ಲ. ಇನ್ನ ಭಾಳ ನಿಂತ್ರ ಮಗ್ಗ ಬ್ಯಾರೇದವ್ರಿಗೆ."
ಇವರು ನಕ್ಕರು. "ನಾ ಸತ್ತಾಗರ ನಿಲ್ಲಸ್ತೀರೋ, ಇಲ್ಲೋ?"
ಮನೆಯ ಮಗ್ಗ ಬಿಚ್ಚಿ ಮಾರಿಯಾಗಿದೆ. ಆ ಏಳನೆಯದು ಬಿಟ್ಟರೆ ನಮಗೆ ಬೇರೆ ಇಲ್ಲ.

ಆಗಸ್ಟ್ ೧೭
ವಾರದಿಂದ ಫೋನು ಸುಮ್ಮನಿದೆ. ನೂಲು ಚಲೋ ಬಂದಿರಬೇಕು. ನಿನ್ನೆ ರಾತ್ರಿ ಪೂರಾ ನಿದ್ದೆ… ಕೂಸು ಹುಟ್ಟಿದ ಮೇಲೆ ಮೊದಲ ಸಲ.

ಆಗಸ್ಟ್ ೧೯
ಇವರ ಬಲಗೈ ಬೆರಳಿಗೆ ಬಟ್ಟೆ ಸುತ್ತಿದೆ. ರೊಟ್ಟಿ ಮುರಿಯಲು ಆಗುತ್ತಿಲ್ಲ.
"ಏನಾತ್ರೀ?"
"ಗೀರೇತಿ, ತಗೋ."
ಅತ್ತೆ ಬೈದ ಮೇಲೆ ಬಾಯಿ ಬಿಟ್ಟರು. ಎಳೆ ಕಡಿದ ಕೂಡಲೇ ಮಗ್ಗ ನಿಲ್ಲಿಸುವ ತಂತಿಯನ್ನು ದಾರದಿಂದ ಬಿಗಿದು ಕಟ್ಟಿದ್ದಾರೆ. ಮಗ್ಗ ನಿಲ್ಲುವುದೇ ಇಲ್ಲ. ಓಡುವಾಗಲೇ ಕೈ ಹಾಕಿ ಗಂಟು.
"ಹುಚ್ಚ ಹಿಡದೈತೇನ್ರೀ? ಬಿಚ್ರಿ ಅದನ್ನ!"
"ಎಲ್ಲಾರೂ ಹಂಗ ಮಾಡ್ತಾರ. ನಿನಗೂ ನಿದ್ದಿ ಬರಾಕತ್ತೇತಿಲ್ಲೋ?"
ಆಮೇಲೆ ನಿದ್ದೆ ಇಲ್ಲ. ಈಗ ಸದ್ದಿಲ್ಲದ್ದಕ್ಕೇ ಎಚ್ಚರ.

ಆಗಸ್ಟ್ ೨೩, ರಾತ್ರಿ ೧.೪೦
ಟಿಂಗ್. ಏಳು. ತಂತಿ ಕಟ್ಟಿದ ಮಗ್ಗ ತಾನಾಗಿ ನಿಲ್ಲುವುದಿಲ್ಲ. ಯಾರೋ ನಿಲ್ಲಿಸಿದ್ದಾರೆ.

೨.೦೫
ಇನ್ನೂ ಕೆಂಪು. ಇವರ ಫೋನು ಗೇಟಿನಲ್ಲಿರುತ್ತದೆ — ಒಳಗೆ ಒಯ್ಯಲು ಬಿಡುವುದಿಲ್ಲ. ರಿಂಗಾಗುತ್ತಿದೆ. ಅಯ್ಯಪ್ಪನೂ ಎತ್ತುತ್ತಿಲ್ಲ. ಅತ್ತೆ ಕತ್ತಲಲ್ಲೇ ನಡೆದು ಹೊರಟರು. ಕೂಸಿಗೆ ಜ್ವರ, ನಾನು ಹೊಸ್ತಿಲು ದಾಟಲಾರೆ.
'ಕೆಲಸಗಾರ ಇಲ್ಲ' ಎಂದು ಅದೇ ಬರೆದುಕೊಂಡಿದೆ.

೨.೩೦
ಆರನೆಯದೂ ಕೆಂಪು. ಎಂಟು. ಒಂಬತ್ತು. ಈಗ ಪೂರಾ ಸಾಲು. ಕರೆಂಟ್ ಹೋಗಿರಬೇಕು. ಇಲ್ಲಿ ಫ್ಯಾನ್ ತಿರುಗುತ್ತಿದೆ. ಶೆಡ್ಡಿನ ಲೈನ್ ಬೇರೆ ಇರಬಹುದು… ಬೇರೆಯೇ ಇರಲಿ. ಆ ಹುಡುಗರು ರಸೂಲಬಿ ಅಜ್ಜಿಯ ಹೆಣಕ್ಕೂ ನಿಲ್ಲಿಸಿದವರಲ್ಲ. ಯಾಕೆ ನಿಲ್ಲಿಸಿದರು ಎಲ್ಲರೂ?
ರೀ, ಕೈ ಹೋದ್ರ ಹೋಗ್ಲಿ. ಯಾರದರ ಫೋನ್ ಇಸ್ಕೊಂಡು ಹಚ್ರಿ. ಮಾತಾಡೂದು ಬ್ಯಾಡ, ಬರೇ ಹೂಂ ಅನ್ರಿ. ಬೆಳಗಾಗೂದ್ರೊಳಗ ಒಂದ ಸಲ ಹಚ್ರಿ, ನಾ ಇಲ್ಲೇ ಫೋನ್ ಹಿಡಕೊಂಡ —