ಅವ್ವನ ಅಂಬಲಿಗೆ ಬೆರೆಸಿದ ಸೊಪ್ಪು

ಮಂಡ್ಯ,
ಭಾನುವಾರ

ಜಯಣ್ಣನಿಗೆ,

ನೀನು ಅವ್ವನ ಅಂಬಲಿಗೆ ದಿನಾ ಗಾಂಜಾ ಸೊಪ್ಪು ಅರೆದು ಹಾಕುತ್ತಿದ್ದೀಯೆಂದು ಅತ್ತಿಗೆ ಹೇಳಿದಳು. ಫೋನಿನಲ್ಲಾದರೆ ಕಿರುಚಿಬಿಡುತ್ತೇನೆಂದು ಬರೆಯುತ್ತಿದ್ದೇನೆ.

ನೀನು ಓದಿದ ಸುದ್ದಿ ಸುಳ್ಳಲ್ಲ. ಅವ್ವನಿಗಿರುವ ಈ ಮರೆವಿನ ಕಾಯಿಲೆಯಲ್ಲಿ ಮಿದುಳಿನ ಜೀವಕೋಶಗಳಲ್ಲಿ ತುಂಬಿಕೊಳ್ಳುವ ಪ್ರೋಟೀನನ್ನು ಗಾಂಜಾದ ಒಂದು ಅಂಶ ಕಡಿಮೆ ಮಾಡಿತಂತೆ. ಆದರೆ ಅವು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳು. ಡಾಕ್ಟರನ್ನು ಕೇಳಿದೆ. ಮನುಷ್ಯರಿಗೆ ಹಾಗೆ ಗುಣವಾದದ್ದನ್ನು ಯಾರೂ ತೋರಿಸಿಲ್ಲವಂತೆ. ಈ ವಯಸ್ಸಿಗೆ ಸೊಪ್ಪು ಕೊಟ್ಟರೆ ಭ್ರಮೆ, ಭಯ ಹೆಚ್ಚುತ್ತದಂತೆ. ಅವ್ವ ಕನ್ನಡಿ ಕಂಡು ಚೀರುವುದು ಅದಕ್ಕೇ ಇರಬೇಕು. "ಅಪ್ಪ ಭಂಗಿ ಸೇದ್ಕಂಡೇ ಎಂಬತ್ತು ದಾಟ್ಲಿಲ್ವಾ, ಬುಡು" ಎಂದು ನೀನು ಅತ್ತಿಗೆಯ ಬಾಯಿ ಮುಚ್ಚಿಸಿದೆಯಂತೆ. ಅಪ್ಪ ತಾನಾಗಿ ಸೇದಿದ. ಅವ್ವನಿಗೆ ತಾನೇನು ಕುಡಿಯುತ್ತಿದ್ದೇನೆಂದು ಗೊತ್ತೇ ಇಲ್ಲ.

ಇವತ್ತೇ ನಿಲ್ಲಿಸು. ಉಳಿದದ್ದನ್ನು ತಿಪ್ಪೆಯಲ್ಲಿ ಹೂತುಬಿಡು. ಬುಧವಾರ ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಬಾ.

ಹೋದ ವಾರ ನಾನು ಊರಿಗೆ ಬಂದಾಗ ಅವ್ವ, "ಅಮೃತಾ, ಬಂದ್ಯಾ ಮಗ? ಯಾಕಿಂಗ್ ಸೊರ್ಗೋಗಿದ್ದೀಯೆ?" ಅಂದಳಲ್ಲ. ಎರಡು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. ಅವತ್ತು ಅವಳು ಅಂಬಲಿ ಕುಡಿದಿದ್ದಳೋ ಇಲ್ಲವೋ, ಅದನ್ನು ಮಾತ್ರ ನನಗೆ ಯಾವತ್ತೂ ಹೇಳಬೇಡ.

ನಿನ್ನ ತಂಗಿ,
ಅಮೃತ