ಕುಂಕುಮವಿಟ್ಟ ಶಾಮಿಸೆನ್

ಪ್ರೀತಿಯ ಅತ್ತೆ,

ನಿಮಗೆ ಇದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅಲ್ಲ ಅತ್ತೆ, ದೇವರ ಮನೆಯಲ್ಲಿ ನಿಮ್ಮ ವೀಣೆಯ ಪಕ್ಕದಲ್ಲಿರುವುದು ಏನು ಅಂತ...

ಹಾರುಕೋ ಅಜ್ಜಿ ಈ ಪರದೇಶದಲ್ಲಿ ನಮ್ಮ ರನ್‌ಕಾರ್ನ್ ಮನೆಯ ಪಕ್ಕದಲ್ಲಿದ್ದ ಕಾಲ ನೆನಪಾಗುತ್ತಿದೆ. ಅವರಿಗೆ ಕನ್ನಡ ಬಾರದು, ನಿಮಗೆ ಜಪಾನಿ ಬಾರದು, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಮಧ್ಯಾಹ್ನವೆಲ್ಲ ವರಾಂಡದಲ್ಲಿ ನಿಮ್ಮ ವೀಣೆ, ಅವರ ಮೂರು ತಂತಿಯ ಶಾಮಿಸೆನ್. ವೃದ್ಧಾಶ್ರಮಕ್ಕೆ ಹೊರಟ ದಿನ ಅವರು ಅದನ್ನು ನಿಮ್ಮ ಮಡಿಲಿಗೆ ಹಾಕಿದರು. ನೀವು ಕಣ್ಣಿಗೊತ್ತಿಕೊಂಡಿರಿ. ಸರಸ್ವತಿ ಪೂಜೆಯಲ್ಲಿ ಅದರ ಬೆಳ್ಳಗಿನ ಮೈಗೆ ಅರಿಶಿನ ಕುಂಕುಮ ಹಚ್ಚಿದಿರಿ. ಮೊಟ್ಟೆ ಹಾಕಿದ ಕೇಕನ್ನು ಗ್ಯಾರೇಜಿನಿಂದ ಒಳಗೆ ತರಲು ಬಿಡದಿದ್ದ ನೀವು!

ಮೊನ್ನೆ ಶನಿವಾರ ಸಿಟಿಯಲ್ಲಿ ಜಪಾನಿನ ಕಲಾವಿದೆಯರಾದ ಗೀಶಾಗಳ ಹಾಡು, ನೃತ್ಯ ಇತ್ತು. ಗೀಶಾ ಎಂದರೆ ಏನೇನೋ ಅಂದುಕೊಂಡಿದ್ದ ನಿಮ್ಮ ಮಗ ಬರುವುದಿಲ್ಲ ಅಂದರು. ನಾನೂ ನಿಮ್ಮ ಮೊಮ್ಮಗಳು ಅದಿತಿಯೂ ಹೋದೆವು. ನೀವಿರಬೇಕಿತ್ತು ಅತ್ತೆ. ವಯಸ್ಸಾದ ಗೀಶಾ ಮಂಡಿಯೂರಿ ಕೂತು, ದೋಸೆ ಮಗುಚುವ ಸಟ್ಟುಗದಂಥದರಿಂದ ಶಾಮಿಸೆನ್ ಮೀಟುತ್ತಾ ಹಾಡಿದರು. ಮುಖಕ್ಕೆ ಬಿಳಿ ಬಣ್ಣ ಬಳಿದ ಎಳೆಯವಳು ಕುಣಿದಳು. ಕುಣಿದಳು ಅನ್ನಲೋ ಬೇಡವೋ... ಗೆಜ್ಜೆಯಿಲ್ಲ, ಜಿಗಿತವಿಲ್ಲ. ಬೀಸಣಿಗೆ ಬಿಚ್ಚಿದರೆ ಹೊಳೆ, ಅರ್ಧ ಮಡಚಿದರೆ ಓಲೆ. ಬಾರದವನಿಗಾಗಿ ಕಾಯುವ ಹಾಡಂತೆ. ಅವಳು ಕತ್ತು ತುಸುವೇ ತಿರುಗಿಸಿ ಬಾಗಿಲ ಕಡೆ ನೋಡಿದಾಗ ನಾನೂ ತಿರುಗಿ ಬಾಗಿಲು ನೋಡಿದೆ. ನೀವು ಕೂತಲ್ಲೇ ಜಾವಳಿ ಹಾಡುತ್ತಾ ಹುಬ್ಬೆತ್ತುತ್ತಿದ್ದಿರಲ್ಲ, ಅದೇ.

ಕೊನೆಗೆ ಪ್ರಶ್ನೆ ಕೇಳಬಹುದು ಅಂದಾಗ ನಾನು ಜಂಬದಿಂದ ಎದ್ದು ನಿಂತೆ. ನಮ್ಮ ಮನೆಯಲ್ಲೂ ಒಂದು ಹಳೆಯ ಶಾಮಿಸೆನ್ ಇದೆ, ದೇವರ ಮುಂದಿಟ್ಟು ಪೂಜೆ ಮಾಡುತ್ತೇವೆ, ಅದರ ಮೈಗೆ ಹೊದಿಸಿದ ಬಿಳಿ ಕಾಗದ ಯಾವುದರಿಂದ ಮಾಡಿದ್ದು ಅಂತ ಕೇಳಿದೆ. ಗೀಶಾಗಳ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಹುಡುಗಿ ಬಹಳ ವಿನಯದಿಂದ, ಅದು ಕಾಗದವಲ್ಲ, ಹಳೆಯದಾದರೆ ಬೆಕ್ಕಿನ ಚರ್ಮವಿರಬೇಕು ಅಂದಳು.

ಬೆಕ್ಕು, ಅತ್ತೆ! ನಾನು ಕುರ್ಚಿಯಲ್ಲಿ ಕುಸಿದೆ. ಕಾರು ಹತ್ತಿದವಳೇ, ಇವತ್ತೇ ಅದನ್ನು ಆಚೆ ಹಾಕುತ್ತೇನೆ, ನಿನ್ನ ಅಜ್ಜಿಗೆ ಗೊತ್ತಿದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು ಅಂದೆ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅದಿತಿ ಅವತ್ತು ಕನ್ನಡದಲ್ಲಿ ಮಾತಾಡಿದಳು.

"ಅಜ್ಜಿಗೆ ಗೊತ್ತಿತ್ತು ಅಮ್ಮ. ಹಾರುಕೋ ಅಜ್ಜಿ ಅದನ್ನ ತಟ್ಟಿ, ಮಿಯಾಂವ್ ಅಂತ ತೋರ್ಸಿದ್ರು. ಅಜ್ಜಿ ನಕ್ಕುಬಿಟ್ಟು, ಮೃದಂಗಾನೂ ಚರ್ಮಾನೇ ಅಲ್ವಾ ಅಂದ್ರು. ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡ, ಅವಳು ಮನೇಲಿ ಇಟ್ಕೊಳ್ಳಲ್ಲ ಅಂದ್ರು."

ಬೆಕ್ಕಿಗಿಂತ ಈ ಮಾತಿಗೇ ನಾನು ದಂಗಾಗಿ ಹೋದೆ. ನೀವು ವಾಕಿಂಗಿನಿಂದ ಬರುವಷ್ಟರಲ್ಲಿ ಬೆಳ್ಳುಳ್ಳಿ ವಾಸನೆ ಹೋಗಲಿ ಅಂತ ಕಿಟಕಿಗಳನ್ನೆಲ್ಲ ತೆರೆದಿಡುತ್ತಿದ್ದವಳು ನಾನು. ಇಷ್ಟು ವರ್ಷ ನಿಮಗೆ ಹೆದರಿಕೊಂಡೇ ಇದ್ದೆ. ನೀವು ನನಗೆ ಹೆದರಿದ್ದಿರೇ? ಒಂದೇ ಒಂದು ಮಾತು ನನ್ನ ಕಿವಿಗೆ ಹಾಕಿದ್ದರೆ... ನಾನು ನಿಜವಾಗಿ ಅದನ್ನು ಆಚೆ ಹಾಕುತ್ತಿದ್ದೆನೇ? ಹಾಕುತ್ತಿದ್ದೆ ಅತ್ತೆ. ಕಾರಿನಲ್ಲಿ ಹಾಗೇ ಅಂದೆನಲ್ಲ. ಮನೆಗೆ ಬಂದು ದೇವರ ಮನೆಯ ಬಾಗಿಲಲ್ಲಿ ಕೂತು ಅತ್ತುಬಿಟ್ಟೆ.

ಅದು ಎಲ್ಲಿಗೂ ಹೋಗುವುದಿಲ್ಲ. ನೀವಿಲ್ಲದ ಈ ನವರಾತ್ರಿಗೂ ನಿಮ್ಮ ವೀಣೆಯ ಪಕ್ಕದಲ್ಲೇ ಕೂರುತ್ತದೆ. ಕುಂಕುಮ ನಾನೇ ಇಡುತ್ತೇನೆ. ಬರುವ ಭಾನುವಾರ ಹಾರುಕೋ ಅಜ್ಜಿಯನ್ನು ನೋಡಲು ಹೋಗುತ್ತಿದ್ದೇನೆ. ಅವರಿಗೆ ಈಗ ಇಂಗ್ಲಿಷೂ ಮರೆತುಹೋಗಿದೆಯಂತೆ. ಪರವಾಗಿಲ್ಲ. ನಿಮ್ಮ ಫೋಟೋ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು, ಮಿಯಾಂವ್ ಅನ್ನುತ್ತೇನೆ.

ನಿಮ್ಮ ಸೊಸೆ